ಮಳಿ ಬಂತು, ಇನ್ನೇನ್ ಓದ್ಲಿ?

ಮೃಗಶಿರಾ ಮಳಿ ನಿನ್ನೆ ಒಂದ್ ಸುತ್ತು ಹೊಡದ್ ಹೋತು, ರಾಯಚೂರಾಗ ಕೂಲರ್‌ಗೆ ನೀರ್ ಹಾಕೋದು ತಪ್ತು. ಎರಡು ತಿಂಗಳಿಂದ ಮಧ್ಯಾಹ್ನ ಪುಸ್ತಕ ಹಿಡದ್ರ ಬೆವರಿಗೆ ಹಾಳಿ ಬೆರಳಿಗೆ ಅಂಟ್ತಿದ್ವು, ನಾಲ್ಕ್ ಸಾಲಿಗೆ ನಿದ್ದಿ. ಈಗ ಹೊಸಾದೇನರ ಓದ್ಬೇಕು ಅನ್ಸಾಕತ್ತದ.

ಕಪಾಟು ತಗದ್ರ, 2016ರಾಗ ಸಾಹಿತ್ಯ ಸಮ್ಮೇಳನ ನಮ್ಮೂರಾಗೇ ಆಗಿತ್ತಲ್ಲ, ಆವಾಗ ಡಿಸ್ಕೌಂಟ್ ಅಂತ ಹೊತ್ಕೊಂಡ್ ಬಂದಿದ್ದ ಒಂದು ಕಥಾಸಂಕಲನ ಸಿಕ್ತು, ಒಳಗ ಬಿಲ್ಲು ಹಂಗೇ ಅದ, ಎರಡು ಹಾಳಿ ಅಂಚು ಇನ್ನೂ ಬಿಡಿಸೇ ಇಲ್ಲ. ನನಗಂತೂ ಹೊಸಾ ಪುಸ್ತಕನೇ ಬಿಡ್ರಿ!

ಅವ್ವ ಮಂಡಾಳ ಒಗ್ಗರಣಿ ತಂದಿಟ್ಟು "ಮೊದ್ಲ ಮನ್ಯಾಗಿದ್ದವು ಓದಪಾ, ಆಮ್ಯಾಲ ಆರ್ಡರ್ ಮಾಡು" ಅಂದ್ಳು. ಮಾತು ಖರೆ ಅದ, ಆದ್ರೂ ಕಾರ್ಟ್‌ನ್ಯಾಗ ಮೂರು ಹಂಗೇ ಇಟ್ಟೀನಿ.