ಸದ್ದಿನ ದರ್ಜೆ ಬೇರೆ, ಸೋರಿಕೆಯ ತೀವ್ರತೆ ಬೇರೆ

“ಮೇಡಂ, ಮರ್ಮರ ಇದೆ, ಮೂರನೇ ದರ್ಜೆ” ಎಂದು ನನ್ನ ವೈದ್ಯಕೀಯ ವಿದ್ಯಾರ್ಥಿಗಳು ಉತ್ಸಾಹದಿಂದ ಹೇಳುತ್ತಾರೆ. ಮರ್ಮರವೆಂದರೆ ಹೃದಯದ ಬಡಿತದ ಸದ್ದುಗಳ ನಡುವೆ ಸ್ಟೆತಸ್ಕೋಪಿನಲ್ಲಿ ಕೇಳುವ ಹೆಚ್ಚುವರಿ ಸದ್ದು. ಹಾಗಾದರೆ ರಕ್ತ ಹಿಂದಕ್ಕೆ ಹರಿಯದಂತೆ ತಡೆಯಬೇಕಾದ ಹೃದಯದ ಕವಾಟ ಎಷ್ಟು ಸೋರುತ್ತಿದೆ ಎಂದು ಕೇಳಿದರೆ ಅದೇ ಉತ್ತರವನ್ನು ಇನ್ನಷ್ಟು ಗಟ್ಟಿಯಾಗಿ ಹೇಳುತ್ತಾರೆ.

1933ರಲ್ಲಿ ಅಮೆರಿಕದ ಹೃದ್ರೋಗ ತಜ್ಞ ಸ್ಯಾಮ್ಯುಯೆಲ್ ಲೆವೈನ್ ವಿವರಿಸಿದ ಮರ್ಮರದ ಆರು ದರ್ಜೆಗಳು ಅಳೆಯುವುದು ಸದ್ದಿನ ಜೋರನ್ನು. ಕವಾಟದ ರಚನೆಯೇ ಕೆಟ್ಟು ವರ್ಷಗಟ್ಟಲೆ ಸೋರುತ್ತಿರುವ ಮೈಟ್ರಲ್ ಕವಾಟದಲ್ಲಿ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನದು) ಅದಕ್ಕೂ ಬೆಲೆಯಿದೆ, ಇಲ್ಲವೆನ್ನುವುದಿಲ್ಲ. ಅಂಗೈಗೆ ಕಂಪನ ಸಿಗುವ ನಾಲ್ಕನೇ ದರ್ಜೆಯಿದ್ದರೆ ಸೋರಿಕೆ ಸಾಮಾನ್ಯವಾಗಿ ತೀವ್ರವೇ; ಒಂದನೇ ದರ್ಜೆಯದಾದರೆ ಬಹುಮಟ್ಟಿಗೆ ಅಲ್ಪ. ಎಲ್ಲರೂ ಇಷ್ಟಪಟ್ಟು ಹೇಳುವ ಆ ಮೂರನೇ ದರ್ಜೆಯಿಂದ ಮಾತ್ರ ಏನನ್ನೂ ತೀರ್ಮಾನಿಸಲಾಗದು. ಹೃದಯದ ಸ್ನಾಯುವೇ ಸೋತು ಕವಾಟ ಸೋರುತ್ತಿದ್ದರಂತೂ ಸೋರಿಕೆ ದೊಡ್ಡದಿದ್ದೂ ಸದ್ದು ಕ್ಷೀಣವಾಗಿರಬಹುದು.

ನನ್ನನ್ನು ಹೆಚ್ಚು ಕಾಡುವುದು ಹಠಾತ್ ಸೋರಿಕೆ. ಒಬ್ಬ ರೋಗಿ ಮಲಗಲಾಗದೆ ಮಂಚದ ಅಂಚಿನಲ್ಲಿ ಕುಳಿತು ಏದುಸಿರು ಬಿಡುತ್ತಿದ್ದರು. ಶ್ವಾಸಕೋಶದ ತುಂಬ ನೀರಿನ ಸದ್ದು, ಅದರ ನಡುವೆ ಮೆಲ್ಲಗೆ ಶುರುವಾಗಿ ಅರ್ಧಕ್ಕೇ ನಿಂತುಹೋಗುವ ಮರ್ಮರ. ಎಕೋದಲ್ಲಿ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ, ನೋಡಿದರೆ ಮೈಟ್ರಲ್ ಕವಾಟವನ್ನು ಹಿಡಿದಿಟ್ಟ ತಂತು ಹರಿದು ಅದರ ದಳ ಎಡ ಹೃತ್ಕರ್ಣ ಎಂಬ ಮೇಲಿನ ಕೋಣೆಯೊಳಗೆ ಬಡಿದಾಡುತ್ತಿತ್ತು. ಅಷ್ಟೊಂದು ರಕ್ತ ಹಿಂದಕ್ಕೆ ನುಗ್ಗುವಾಗ ಸದ್ದೇಕೆ ಕಡಿಮೆ? ಸದ್ದು ಹುಟ್ಟುವುದು ಕವಾಟದ ಎರಡೂ ಬದಿಯ ಕೋಣೆಗಳ ಒತ್ತಡದ ಅಂತರದಿಂದ. ನಿಧಾನವಾಗಿ ಹಿಗ್ಗಿಕೊಳ್ಳಲು ಸಮಯವೇ ಸಿಗದ ಹೃತ್ಕರ್ಣದಲ್ಲಿ ಒತ್ತಡ ಥಟ್ಟನೆ ಏರುತ್ತದೆ, ಅಂತರ ಕುಗ್ಗುತ್ತದೆ, ಸದ್ದು ಅಲ್ಲಿಗೆ ಅಡಗುತ್ತದೆ. ಬೆರಳಿನಿಂದ ಕೊಳವೆಯ ಬಾಯಿ ಒತ್ತಿದಾಗ ನೀರು ಭೋರಿಡುತ್ತದೆ, ಪೂರ್ತಿ ಬಿಟ್ಟರೆ ಸದ್ದಿಲ್ಲದೆ ಸುರಿಯುತ್ತದೆ, ಹೆಚ್ಚುಕಡಿಮೆ ಹಾಗೆಯೇ.

ಹೃದಯದಿಂದ ದೇಹಕ್ಕೆ ರಕ್ತ ಒಯ್ಯುವ ಮಹಾಪಧಮನಿಯ ಕವಾಟದ ಸೋರಿಕೆಯನ್ನು ಆಲಿಸಲು ತಾಳ್ಮೆ ಬೇಕು. ರೋಗಿಯನ್ನು ಕೂರಿಸಿ, ಮುಂದಕ್ಕೆ ಬಾಗಿಸಿ, ಉಸಿರನ್ನು ಪೂರ್ತಿ ಹೊರಬಿಟ್ಟು ಹಿಡಿಯಲು ಹೇಳಬೇಕು. ದೀರ್ಘಕಾಲದ ಸೋರಿಕೆಯಲ್ಲಿ ಬಡಿತದ ಎರಡನೇ ಸದ್ದಿನ (‘ಲಬ್-ಡಬ್’ನ ‘ಡಬ್’) ನಂತರ ಮರ್ಮರ ಎಷ್ಟು ಹೊತ್ತು ಎಳೆಯುತ್ತದೆ ಎಂಬುದು ಅದರ ಜೋರಿಗಿಂತ ಹೆಚ್ಚು ಹೇಳುತ್ತದೆ. ಜೊತೆಗೆ ರಕ್ತದೊತ್ತಡದ ಎರಡು ಅಂಕಿಗಳ ಅಂತರ 160/50ರಂತೆ ದೊಡ್ಡದಿದ್ದು ನಾಡಿ ಚಿಮ್ಮಿ ಕುಸಿಯುತ್ತಿದ್ದರೆ ತೀವ್ರ ಸೋರಿಕೆಯ ಅನುಮಾನ ಗಟ್ಟಿಯಾಗುತ್ತದೆ. ಹೃದಯದ ಬಲಭಾಗದ ಟ್ರೈಕಸ್ಪಿಡ್ ಕವಾಟದಲ್ಲಿ ನಾನು ಕಿವಿಗಿಂತ ಕಣ್ಣನ್ನೇ ನಂಬುತ್ತೇನೆ: ಕುತ್ತಿಗೆಯ ಅಭಿಧಮನಿ ಪ್ರತಿ ಬಡಿತಕ್ಕೂ ಉಬ್ಬುತ್ತದೆಯೇ ಎಂದು ಮೊದಲು ನೋಡುತ್ತೇನೆ.

ಕೊನೆಗೆ ಅಳತೆ ಕೊಡುವುದು ಎಕೋ. ಮೈಟ್ರಲ್ ಕವಾಟದಿಂದ ಪ್ರತಿ ಬಡಿತಕ್ಕೆ 60 ಮಿಲಿಲೀಟರ್ ಅಥವಾ ಹೆಚ್ಚು ರಕ್ತ ಹಿಂದಕ್ಕೆ ಹರಿದರೆ ಅದು ತೀವ್ರ ಸೋರಿಕೆಯ ಒಂದು ಗುರುತು. ಆದರೂ ಎಕೋಗೆ ಕಳಿಸುವ ಮುನ್ನ ತಮ್ಮ ಅಂದಾಜನ್ನು ಚೀಟಿಯಲ್ಲಿ ಬರೆಯಲು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಎಕೋ ಕೂಡ ಎಡವಬಹುದು: ಹೃದಯದ ಕೋಣೆಯ ಗೋಡೆಗೆ ಅಂಟಿಕೊಂಡು ಹರಿಯುವ ಸೋರಿಕೆ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್‌ನಲ್ಲಿ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಹೃದಯ ಹಿಗ್ಗಿ ಅದರ ತುದಿ ಎಡಕ್ಕೆ ಸರಿದಿದೆ, ‘ಲಬ್-ಡಬ್’ ನಂತರ ಹೆಚ್ಚುವರಿ ಮೂರನೇ ಸದ್ದೂ ಕೇಳುತ್ತಿದೆ, ವರದಿ ಮಾತ್ರ ‘ಅಲ್ಪ’ ಎನ್ನುತ್ತಿದೆ ಎಂದಾದರೆ ಎಕೋ ಕೋಣೆಗೆ ಫೋನ್ ಮಾಡಿ ಇನ್ನೊಮ್ಮೆ ನೋಡಿ ಎನ್ನಲು ನನಗೆ ಯಾವ ಸಂಕೋಚವೂ ಇಲ್ಲ.