ಮ್ಯೂನಿಕ್‌ನಲ್ಲಿ ಅಪ್ಪು ಅಭಿಮಾನಿಗಳ ನಡುವೆ

2022ರ ಮಾರ್ಚ್‌ನಲ್ಲಿ ಪುನೀತ್ ರಾಜ್‌ಕುಮಾರ್ ಅವರ ‘ಜೇಮ್ಸ್’ ತೆರೆಕಂಡಾಗ ಮ್ಯೂನಿಕ್‌ನ ನಾವು ಕೆಲವು ಕನ್ನಡಿಗರು ಕೂಡಿಕೊಂಡು, ಭಾನುವಾರ ಬೆಳಗಿನ ಆಟಕ್ಕೆಂದು ಸಣ್ಣದೊಂದು ಚಿತ್ರಮಂದಿರವನ್ನು ಬಾಡಿಗೆಗೆ ಹಿಡಿದಿದ್ದೆವು. ಬೆಂಗಳೂರಿನ ಕೆಂಪೇಗೌಡ ರಸ್ತೆಯಾಗಿದ್ದರೆ ಮುಗಿಲೆತ್ತರದ ಕಟೌಟ್, ಅದಕ್ಕೆ ಹಾಲಿನ ಅಭಿಷೇಕ, ಈಡುಗಾಯಿ, ತಮಟೆ ಎಲ್ಲವೂ ಇರುತ್ತಿದ್ದವು. ಇಲ್ಲಿ ಕರ್ಪೂರ ಹಚ್ಚಲೂ ಅವಕಾಶವಿಲ್ಲದ್ದರಿಂದ, ನಡುಸಾಲಿನ ಒಂದು ಕುರ್ಚಿಯನ್ನು ಖಾಲಿ ಬಿಟ್ಟು ಅದರಲ್ಲಿ ಅಪ್ಪು ಅವರ ಫೋಟೊ ಇರಿಸಿ, ಮನೆಯಲ್ಲೇ ಕಟ್ಟಿದ ಸೇವಂತಿಗೆ ಹಾರ ಹಾಕಿದೆವು.

ಅವರು ತೆರೆಯ ಮೇಲೆ ಬಂದಾಗ ಶಿಳ್ಳೆ, ಚಪ್ಪಾಳೆಗಳಿಂದ ಕಿವಿ ಗಡಚಿಕ್ಕಿತು. ಮಾತನಾಡತೊಡಗಿದ ಕೂಡಲೇ ಸದ್ದೆಲ್ಲ ಅಡಗಿತು. 2021ರ ಅಕ್ಟೋಬರ್ 29ರಂದು ಅವರು ತೀರಿಕೊಂಡಾಗ ಈ ಚಿತ್ರದ ಡಬ್ಬಿಂಗ್ ಬಾಕಿಯಿತ್ತು, ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟಿದ್ದರು. ತಮ್ಮನ ಮುಖ, ಅಣ್ಣನ ಕಂಠ. ನನ್ನ ಪಕ್ಕದಲ್ಲಿ ಕುಳಿತಿದ್ದ ದಾವಣಗೆರೆಯ ಹುಡುಗ, ಅದುವರೆಗೆ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು, ಅಂಗೈಗಳಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ತಲೆಯೆತ್ತಲಿಲ್ಲ.

ಇಂಥ ಅಭಿಮಾನವನ್ನು ಹುಚ್ಚೆಂದು ತಳ್ಳಿಹಾಕುವವರಿದ್ದಾರೆ. 2006ರಲ್ಲಿ ರಾಜ್‌ಕುಮಾರ್ ಅಗಲಿದಾಗ ಬೆಂಗಳೂರಿನಲ್ಲಿ ಗಲಭೆಯಾಗಿ ಜೀವಗಳೇ ಹೋದವೆಂಬುದನ್ನು ನಾನೂ ಮರೆತಿಲ್ಲ, ಅದನ್ನು ಸಮರ್ಥಿಸುವುದೂ ಇಲ್ಲ. ಆದರೆ ನೋಡುಗರನ್ನು ‘ಅಭಿಮಾನಿ ದೇವರುಗಳು’ ಎಂದು ಕರೆದ ಅದೇ ರಾಜ್‌ಕುಮಾರ್ ಅವರ ಕಣ್ಣುಗಳು ಆಗ ದಾನವಾಗಿದ್ದವು. ಹದಿನೈದು ವರ್ಷಗಳ ಬಳಿಕ ಮಗನ ಕಣ್ಣುಗಳೂ ದಾನವಾದವು; ವೈದ್ಯರು ಕಾರ್ನಿಯಾದ ಮುಂಪದರ ಹಿಂಪದರಗಳನ್ನು ಬೇರ್ಪಡಿಸಿದ್ದರಿಂದ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಆಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ಊರೂರಿನಲ್ಲಿ ಮುಂದೆ ಬಂದವರಲ್ಲಿ, ಕಟೌಟಿಗೆ ಹಾಲೆರೆದ ಅಭಿಮಾನಿಗಳೂ ಇದ್ದರು. ನನ್ನ ಮಟ್ಟಿಗೆ ಅಭಿಮಾನದ ಬೆಲೆ ಕಟ್ಟುವಾಗ ಮೊದಲು ಲೆಕ್ಕಕ್ಕೆ ಬರಬೇಕಾದದ್ದು ಇದೇ.

ಆಟ ಮುಗಿದು ಎಲ್ಲರೂ ಹೊರಟರೂ ಆ ಹುಡುಗ ಎದ್ದಿರಲಿಲ್ಲ. ಅಂಗದಾನಕ್ಕೆ ಒಪ್ಪಿಗೆ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳುವ ಕಾರ್ಡೊಂದು ಜರ್ಮನಿಯಲ್ಲಿದೆ, ಯಾವ ಅಂಗವೆಂದು ಅದರಲ್ಲೇ ನಮೂದಿಸಬಹುದು. ಅವನು ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. “ಅಣ್ಣಾ, ಕಾರ್ನಿಯಾಕ್ಕೆ ಇವರ ಭಾಷೇಲಿ ಏನಂತಾರೆ?” ಎಂದು ಕೇಳಿದ. ಹಾರ್ನ್‌ಹೌಟ್ ಎಂದೆ. ಒಂದೊಂದೇ ಅಕ್ಷರವನ್ನು ನಾನು ಹೇಳುತ್ತ ಹೋದೆ, ಅವನು ತಪ್ಪಿಲ್ಲದಂತೆ ನಿಧಾನವಾಗಿ ಬರೆದುಕೊಂಡ.