ಮತಪಟ್ಟಿಯ ಕೆಳಗಿನ ಸಣ್ಣಕ್ಷರ

ಪತ್ರಿಕೆಯೊಂದರ ಆಕರ ವಿಭಾಗದಲ್ಲಿ ಕೆಲಸಕ್ಕೆ ಸೇರಿದ ಮೂರನೆಯ ವರ್ಷ ನಾನು ಮಾಡಿದ ಒಂದು ತಪ್ಪಿನಿಂದಲೇ ಈ ಬರಹವನ್ನು ಆರಂಭಿಸಬೇಕು. ಹಲವು ಅವಧಿಗೆ ಲೋಕಸಭೆಗೆ ಆಯ್ಕೆಯಾಗಿದ್ದ ಹಿರಿಯರೊಬ್ಬರು ತೀರಿಕೊಂಡ ಸಂಜೆ, ಮರುದಿನದ ಸಂಚಿಕೆಗೆ ಅವರ ಸಂಸದೀಯ ಜೀವನದ ಪರಿಚಯ ಬರೆದುಕೊಡುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಒಂದು ಸಂವಿಧಾನ ತಿದ್ದುಪಡಿ ಮಸೂದೆಯ ಮೇಲೆ ನಡೆದ ಮತವಿಭಜನೆಯ ಪಟ್ಟಿಯನ್ನು ತೆರೆದು, ಪರವಾಗಿ ಮತ ಹಾಕಿದವರಲ್ಲಿಯೂ ವಿರೋಧವಾಗಿ ಹಾಕಿದವರಲ್ಲಿಯೂ ಅವರ ಹೆಸರು ಕಾಣದಿದ್ದಾಗ, ಆ ಮಹತ್ವದ ಮತದಾನದಿಂದ ಅವರು ದೂರ ಉಳಿದರು ಎಂದು ಬರೆದುಬಿಟ್ಟೆ. ಮಸೂದೆಯನ್ನು ಕುರಿತು ಅವರು ಸದನದಲ್ಲಿ ಆಡಿದ್ದ ಟೀಕೆಯ ಮಾತುಗಳು ಮೊದಲೇ ನನ್ನ ಕೈಯಲ್ಲಿದ್ದುದರಿಂದ, ಈ ಗೈರುಹಾಜರಿ ಅದಕ್ಕೆ ಸರಿಯಾಗಿ ಹೊಂದಿಕೊಂಡಂತೆ ತೋರಿತು. ಹತ್ತು ದಿನಗಳ ನಂತರ ಅವರ ಮಗನಿಂದ ಕಾಗದ ಬಂತು. ಅದರ ಜೊತೆ ಅದೇ ಪುಟದ ಛಾಯಾಪ್ರತಿ ಇತ್ತು, ಮತ್ತು ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿದ್ದ ಒಂದು ಸಾಲಿನ ಕೆಳಗೆ ಗೆರೆ ಎಳೆದಿತ್ತು.

ಲೋಕಸಭೆಯಲ್ಲಿ 1957ರಿಂದ ಮತಗಳನ್ನು ಯಂತ್ರದ ಮೂಲಕ ದಾಖಲಿಸುವ ವ್ಯವಸ್ಥೆಯಿದೆ. ಗುಂಡಿ ಒತ್ತುವುದರಲ್ಲಿ ಎಡವಿದವರು, ಯಂತ್ರ ತಮ್ಮ ಮತವನ್ನು ಸ್ವೀಕರಿಸಲಿಲ್ಲವೆಂದು ಹೇಳಿದವರು ಚೀಟಿಯ ಮೂಲಕ ಮತ ದಾಖಲಿಸುತ್ತಾರೆ. ನಡಾವಳಿಯ ಮುದ್ರಿತ ಸಂಪುಟದಲ್ಲಿ ಇಂಥವರ ಹೆಸರು ಮುಖ್ಯ ಪಟ್ಟಿಯೊಳಗೆ ಬರುವುದಿಲ್ಲ. ಈ ಕೆಳಗಿನ ಸದಸ್ಯರೂ ಮತ ದಾಖಲಿಸಿದರು ಎಂಬ ಅಡಿಟಿಪ್ಪಣಿಯಲ್ಲಿ ಬರುತ್ತದೆ. ನಾನು ದೂರ ಉಳಿದರೆಂದು ಬರೆದಿದ್ದ ಆ ಹಿರಿಯರು ಮಸೂದೆಯ ಪರವಾಗಿಯೇ ಮತ ಹಾಕಿದ್ದರು. ಅವರ ಟೀಕೆ ಮಸೂದೆಯ ಒಂದು ಖಂಡಕ್ಕೆ ಮಾತ್ರ ಸಂಬಂಧಿಸಿತ್ತು, ಅದನ್ನು ನಾನು ಇಡೀ ಮಸೂದೆಯ ವಿರೋಧವೆಂದು ಓದಿಕೊಂಡಿದ್ದೆ. ತಿದ್ದುಪಡಿಯನ್ನು ಪ್ರಕಟಿಸಿದೆವು. ಆದರೆ ತಂದೆಯನ್ನು ಕಳೆದುಕೊಂಡ ವಾರದಲ್ಲಿ ಒಬ್ಬ ಮಗ ಗ್ರಂಥಾಲಯಕ್ಕೆ ಹೋಗಿ ಆ ಪುಟವನ್ನು ಹುಡುಕಬೇಕಾಗಿ ಬಂದುದು ನನ್ನಿಂದ ಎಂಬ ನೋವು ಇಂದಿಗೂ ಹೋಗಿಲ್ಲ.

ಆ ಬಳಿಕ ನಾನು ಕೆಲಸ ಮಾಡುವ ಕ್ರಮವೇ ಬದಲಾಯಿತು. ದೀರ್ಘಕಾಲ ಶಾಸನಸಭೆಯಲ್ಲಿದ್ದ ಒಬ್ಬರ ನಿಲುವು ಏನು ಎಂದು ಕೇಳುವ ಮೊದಲು, ಆ ನಿಲುವು ಯಾವ ಬಗೆಯ ದಾಖಲೆಯಲ್ಲಿ ಸಿಗುತ್ತಿದೆ, ಆಗ ಅವರು ಯಾವ ಸ್ಥಾನದಲ್ಲಿದ್ದರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳದೆ ನಾನು ಮುಂದುವರಿಯುವುದಿಲ್ಲ. ಸದನದ ಹೆಚ್ಚಿನ ತೀರ್ಮಾನಗಳು ಧ್ವನಿಮತದಿಂದ ಆಗುತ್ತವೆ, ಅಲ್ಲಿ ಯಾರ ಹೆಸರೂ ಉಳಿಯುವುದಿಲ್ಲ. ಸದಸ್ಯರು ಮತವಿಭಜನೆಯನ್ನು ಕೇಳಿದಾಗ ಮಾತ್ರ ಹೆಸರುಗಳ ಪಟ್ಟಿ ಹುಟ್ಟುತ್ತದೆ. 368ನೆಯ ವಿಧಿಯಂತೆ ನಡೆಯುವ ಸಂವಿಧಾನ ತಿದ್ದುಪಡಿಗಳಲ್ಲಿ, ಸದನದ ಒಟ್ಟು ಸದಸ್ಯಬಲದ ಬಹುಮತವೂ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೆಯ ಎರಡು ಭಾಗದ ಬಹುಮತವೂ ಬೇಕಾಗುವುದರಿಂದ, ಮತಗಳನ್ನು ಎಣಿಸಲೇಬೇಕಾಗುತ್ತದೆ. ಆ ಪಟ್ಟಿಯನ್ನೂ 1985ಕ್ಕೆ ಮೊದಲು ಒಂದು ಬಗೆಯಾಗಿ, ಅನಂತರ ಇನ್ನೊಂದು ಬಗೆಯಾಗಿ ಓದಬೇಕು. ಆ ವರ್ಷ 52ನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿ, ಪಕ್ಷದ ವಿಪ್, ಅಂದರೆ ಹೀಗೆಯೇ ಮತ ಹಾಕಬೇಕೆಂಬ ಆದೇಶ, ಮೀರಿ ಮತ ಹಾಕಿದವರು ಸದಸ್ಯತ್ವವನ್ನೇ ಕಳೆದುಕೊಳ್ಳುವ ಸ್ಥಿತಿ ಬಂದ ಮೇಲೆ, ಮತಪಟ್ಟಿಯಲ್ಲಿ ಕಾಣುವುದು ಬಹುಮಟ್ಟಿಗೆ ಪಕ್ಷದ ತೀರ್ಮಾನ. ಸದಸ್ಯರ ಸ್ವಂತ ಅಭಿಪ್ರಾಯ ಬೇಕಿದ್ದರೆ ಭಾಷಣ, ಅವರು ಸೂಚಿಸಿದ ತಿದ್ದುಪಡಿಗಳು ಮತ್ತು ಸಮಿತಿಯ ವರದಿಗಳ ಕಡೆಗೆ ಹೋಗಬೇಕು.

ಈ ಕ್ರಮ ನಿಜವಾಗಿ ಪರೀಕ್ಷೆಗೆ ಒಳಗಾದದ್ದು ಭಾರತೀಯ ಕಮ್ಯುನಿಸ್ಟ್ ಪಕ್ಷದ ಇಂದ್ರಜಿತ್ ಗುಪ್ತ ಅವರ ಪರಿಚಯವನ್ನು ಸಿದ್ಧಪಡಿಸುವಾಗ. ಸ್ವಾತಂತ್ರ್ಯಾನಂತರದ ಹಿರಿಯ ಸಂಸದೀಯ ಪಟುಗಳ ಬಗ್ಗೆ ನಮ್ಮ ವಿಭಾಗ ಒಂದು ಮಾಲೆಯನ್ನು ಯೋಜಿಸಿದಾಗ ಅವರನ್ನು ನಾನೇ ಕೇಳಿ ತೆಗೆದುಕೊಂಡಿದ್ದೆ. ಕೇಂಬ್ರಿಜ್‌ನಲ್ಲಿ ಓದಿ ಬಂದು ಬಂಗಾಳದ ಕಾರ್ಮಿಕರ ನಡುವೆ ಸಂಘಟನೆಗೆ ಇಳಿದ ಅವರು, 1960ರ ಉಪಚುನಾವಣೆಯಲ್ಲಿ ಮೊದಲ ಬಾರಿಗೆ ಲೋಕಸಭೆಗೆ ಬಂದು, 2001ರ ಫೆಬ್ರವರಿಯಲ್ಲಿ ತೀರಿಕೊಳ್ಳುವವರೆಗೆ ಒಟ್ಟು 11 ಸಲ ಆಯ್ಕೆಯಾದರು. ನಡುವೆ ಸೋತದ್ದು 1977ರಲ್ಲಿ ಮಾತ್ರ. ಅತ್ಯಂತ ಹಿರಿಯ ಸದಸ್ಯರೆಂಬ ಕಾರಣಕ್ಕೆ ಹಂಗಾಮಿ ಸ್ಪೀಕರ್ ಆಗಿ ಹೊಸ ಸದಸ್ಯರಿಗೆ ಪ್ರಮಾಣವಚನ ಬೋಧಿಸುವ ಕೆಲಸವೂ ಅವರ ಪಾಲಿಗೆ ಹಲವು ಬಾರಿ ಬಂತು. ಇಷ್ಟನ್ನು ಬರೆಯುವುದು ಸುಲಭ. ರಾಷ್ಟ್ರೀಯ ಪ್ರಶ್ನೆಗಳಲ್ಲಿ ಅವರ ನಿಲುವೇನು ಎಂಬಲ್ಲಿಗೆ ಬಂದಾಗ ಕೆಲಸ ನಿಧಾನವಾಯಿತು.

ಮೊದಲ ತೊಡಕು ತುರ್ತು ಪರಿಸ್ಥಿತಿಯದು. ಮೊದಲ ಕರಡನ್ನು ಸಿದ್ಧಪಡಿಸಿದ ನನ್ನ ಕಿರಿಯ ಸಹೋದ್ಯೋಗಿ 1971ರ ಗೆಲುವಿನಿಂದ ನೇರವಾಗಿ 1980ರ ಗೆಲುವಿಗೆ ಹೋಗಿದ್ದರು. ಕೇಳಿದಾಗ, ಅಷ್ಟು ಸರಳವಾಗಿ ಬದುಕಿದವರ ಬಗ್ಗೆ ಆ ಮಾತು ಎತ್ತುವುದಕ್ಕೆ ಮನಸ್ಸಾಗಲಿಲ್ಲ ಎಂದರು. ಅವರ ಸಂಕೋಚ ನನಗೆ ಅರ್ಥವಾಯಿತು, ಆದರೆ ಒಪ್ಪಿಕೊಳ್ಳಲಾಗಲಿಲ್ಲ. ಭಾರತೀಯ ಕಮ್ಯುನಿಸ್ಟ್ ಪಕ್ಷ 1975ರಲ್ಲಿ ತುರ್ತು ಪರಿಸ್ಥಿತಿಯನ್ನು ಬೆಂಬಲಿಸಿತ್ತು. 1978ರ ಭಟಿಂಡಾ ಮಹಾಧಿವೇಶನದಲ್ಲಿ ಆ ನೀತಿ ತಪ್ಪಾಗಿತ್ತೆಂದು ಒಪ್ಪಿಕೊಂಡಿತು. ಇವೆರಡರ ನಡುವೆ ಬಂದ 1977ರ ಚುನಾವಣೆಯಲ್ಲಿ ಗುಪ್ತ ಸೋತರು. ಈ ಮೂರು ಸಂಗತಿಗಳನ್ನು ಇಸವಿ ಸಹಿತ ಪಕ್ಕಪಕ್ಕದಲ್ಲಿ ಇಟ್ಟೆವು. ಬೆಂಬಲ ಪಕ್ಷದ್ದು, ಅವರು ಆ ಪಕ್ಷದ ಪ್ರಮುಖ ಸಂಸದರು ಎಂದಷ್ಟೇ ಹೇಳಿ, ಅವರ ಮನಸ್ಸಿನೊಳಗೆ ಏನಿತ್ತೆಂಬುದನ್ನು ಊಹಿಸುವ ಒಂದು ವಾಕ್ಯವನ್ನು ನಾನೇ ಬರೆದು ನಾನೇ ಹೊಡೆದುಹಾಕಿದೆ. ಹೀಗೆ ಬರೆದದ್ದರಿಂದ ಅವರ ಘನತೆಗೆ ಕುಂದಾಯಿತೆಂದು ನನಗೆ ಅನ್ನಿಸುವುದಿಲ್ಲ. ನಾಲ್ಕು ದಶಕಗಳ ಸಾರ್ವಜನಿಕ ಬದುಕಿನಿಂದ ಅತಿ ಕಠಿಣವಾದ ಎರಡು ವರ್ಷಗಳನ್ನು ತೆಗೆದುಬಿಟ್ಟರೆ, ಉಳಿದ ವರ್ಷಗಳ ಬಗ್ಗೆ ನಾವು ಹೇಳುವ ಒಳ್ಳೆಯ ಮಾತನ್ನೂ ಓದುಗರು ನಂಬಲು ಹಿಂಜರಿಯುತ್ತಾರೆ.

ಎರಡನೆಯ ತೊಡಕು ಹೆಚ್ಚು ಸೂಕ್ಷ್ಮವಾದದ್ದು, ಮತ್ತು ಕನ್ನಡಿಗರಿಗೆ ಹತ್ತಿರದ್ದು. 1996ರ ಜೂನ್ ತಿಂಗಳಲ್ಲಿ ಎಚ್.ಡಿ. ದೇವೇಗೌಡರು ಪ್ರಧಾನಿಯಾದಾಗ, ಅವರ ಸಂಯುಕ್ತ ರಂಗ ಸರ್ಕಾರಕ್ಕೆ ಭಾರತೀಯ ಕಮ್ಯುನಿಸ್ಟ್ ಪಕ್ಷವೂ ಸೇರಿ, ಆ ತಿಂಗಳ ಕೊನೆಯಲ್ಲಿ ಗುಪ್ತ ಗೃಹ ಸಚಿವರಾದರು. ದೇಶಕ್ಕೆ ಕಮ್ಯುನಿಸ್ಟ್ ಗೃಹ ಸಚಿವರೊಬ್ಬರು ಬಂದದ್ದು ಅದೇ ಮೊದಲು. ಐ.ಕೆ. ಗುಜ್ರಾಲ್ ಪ್ರಧಾನಿಯಾದ ಮೇಲೂ ಅದೇ ಖಾತೆಯಲ್ಲಿ ಮುಂದುವರಿದು, 1998ರ ಮಾರ್ಚ್‌ವರೆಗೆ ಇದ್ದರು. 1997ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟವು ಉತ್ತರ ಪ್ರದೇಶದಲ್ಲಿ 356ನೆಯ ವಿಧಿಯಂತೆ ರಾಷ್ಟ್ರಪತಿ ಆಡಳಿತವನ್ನು ಹೇರಲು ಶಿಫಾರಸು ಮಾಡಿತು, ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಅದನ್ನು ಮರುಪರಿಶೀಲನೆಗೆ ಹಿಂತಿರುಗಿಸಿದರು. ಸಂಪುಟ ಶಿಫಾರಸನ್ನು ಕೈಬಿಟ್ಟಿತು.

ಈಗ ಇದರ ಹಿಂದಿನ ಚರಿತ್ರೆಯನ್ನು ನೋಡಬೇಕು. 1959ರಲ್ಲಿ ಕೇರಳದ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಕಮ್ಯುನಿಸ್ಟ್ ಸರ್ಕಾರವನ್ನು ಇದೇ 356ನೆಯ ವಿಧಿಯ ಮೂಲಕ ವಜಾ ಮಾಡಲಾಗಿತ್ತು. ಆ ಗಾಯ ಹಸಿಯಾಗಿದ್ದಾಗಲೇ, ಅದರ ಮರುವರ್ಷ, ಗುಪ್ತ ಅದೇ ಪಕ್ಷದಿಂದ ಲೋಕಸಭೆಗೆ ಬಂದವರು. 1989ರ ಏಪ್ರಿಲ್‌ನಲ್ಲಿ ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೂ ಅದೇ ಗತಿ ಬಂತು. ಬಹುಮತದ ಪರೀಕ್ಷೆ ಸದನದಲ್ಲೇ ನಡೆಯಬೇಕು ಎಂದು 1994ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಆ ಬೊಮ್ಮಾಯಿಯವರೂ 1997ರ ಆ ಸಂಪುಟದಲ್ಲಿ ಮಾನವ ಸಂಪನ್ಮೂಲ ಸಚಿವರಾಗಿದ್ದರು. ಇಷ್ಟೆಲ್ಲ ಒಂದೇ ಕಡೆ ಕೂಡಿದಾಗ, ವಿಧಿಯನ್ನು ವಿರೋಧಿಸಿದವರೇ ಅಧಿಕಾರಕ್ಕೆ ಬಂದು ಅದನ್ನು ಬಳಸಹೊರಟರು ಎಂಬ ಒಂದು ಹರಿತವಾದ ವಾಕ್ಯವನ್ನು ಬರೆಯುವ ಆಸೆ ಯಾರಿಗಾದರೂ ಆಗುತ್ತದೆ. ನನಗೂ ಆಯಿತು.

ಬರೆಯದಿರಲು ಕಾರಣ 75ನೆಯ ವಿಧಿ. ಮಂತ್ರಿಮಂಡಲ ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರುತ್ತದೆ. ಸಂಪುಟದ ತೀರ್ಮಾನ ಹೊರಬಿದ್ದಾಗ ಅದು ಎಲ್ಲ ಸಚಿವರ ತೀರ್ಮಾನ, ಒಳಗೆ ಯಾರು ಏನು ಹೇಳಿದರೆಂಬುದು ನಡಾವಳಿಯಲ್ಲಿ ಇರುವುದಿಲ್ಲ. ಗೃಹ ಸಚಿವರಾಗಿ ಗುಪ್ತ ಆ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂಬುದು ಎಷ್ಟು ನಿಜವೋ, ಒಬ್ಬ ಸದಸ್ಯರಾಗಿ ಅವರು ತಮ್ಮ ಹಳೆಯ ಅಭಿಪ್ರಾಯವನ್ನು ಬದಲಿಸಿಕೊಂಡರು ಎನ್ನಲು ಸಂಪುಟದ ಶಿಫಾರಸೊಂದೇ ಸಾಕಾಗದು ಎಂಬುದೂ ಅಷ್ಟೇ ನಿಜ. ಆದ್ದರಿಂದ ಶಿಫಾರಸು ಸಂಪುಟದ್ದು, ಆ ಸಂಪುಟದ ಗೃಹ ಸಚಿವರು ಇಂದ್ರಜಿತ್ ಗುಪ್ತ, ರಾಷ್ಟ್ರಪತಿ ಹಿಂತಿರುಗಿಸಿದ ಮೇಲೆ ಅದು ಮುಂದುವರಿಯಲಿಲ್ಲ ಎಂದು ಬರೆದು, 1959ನ್ನೂ 1989ನ್ನೂ ಅದೇ ಪರಿಚ್ಛೇದದಲ್ಲಿ ಇಟ್ಟೆ. ತೀರ್ಮಾನವನ್ನು ಓದುಗರೇ ಮಾಡಿಕೊಳ್ಳಬಲ್ಲರು.

ಸಚಿವರಾಗಿದ್ದ ವರ್ಷಗಳ ಬಗ್ಗೆ ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇತ್ತೀಚೆಗೆ ಸಂಸದರ ಹಾಜರಾತಿಯ ಶೇಕಡಾವಾರು, ಕೇಳಿದ ಪ್ರಶ್ನೆಗಳ ಸಂಖ್ಯೆ ಇವುಗಳನ್ನೇ ಸಾಧನೆಯ ಅಳತೆಗೋಲಾಗಿ ಪ್ರಕಟಿಸುವ ರೂಢಿ ಬೆಳೆದಿದೆ. ಸಚಿವರು ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ; ಉತ್ತರಿಸುವುದೇ ಅವರ ಕೆಲಸ. ಇದನ್ನು ಗಮನಿಸದೆ ಇಡೀ ಅವಧಿಯ ಸರಾಸರಿ ತೆಗೆದರೆ, ಹೆಚ್ಚು ದುಡಿದ ವರ್ಷಗಳೇ ಸೊನ್ನೆಯಾಗಿ ಕಾಣುತ್ತವೆ.

ಸ್ಪೀಕರ್ ಪೀಠದಲ್ಲಿ ಕುಳಿತವರ ವಿಷಯದಲ್ಲಂತೂ ದಾಖಲೆಯ ಈ ಮೌನ ಇನ್ನೂ ಗಾಢವಾಗಿರುತ್ತದೆ. 1971ರಿಂದ ಹತ್ತು ಸಲ ಲೋಕಸಭೆಗೆ ಆಯ್ಕೆಯಾದ ಸೋಮನಾಥ ಚಟರ್ಜಿ 2004ರಿಂದ 2009ರವರೆಗೆ ಸ್ಪೀಕರ್ ಆಗಿದ್ದರು. ಸಂವಿಧಾನದ 100ನೆಯ ವಿಧಿಯಂತೆ, ಮತಗಳು ಸಮಸಮವಾದಾಗ ಮಾತ್ರ ಸ್ಪೀಕರ್ ಮತ ಚಲಾಯಿಸುತ್ತಾರೆ. ಆ ಐದು ವರ್ಷಗಳ ಮತಪಟ್ಟಿಗಳಲ್ಲಿ ಅವರ ನಿಲುವನ್ನು ಹುಡುಕುವುದು ವ್ಯರ್ಥ. ಅಮೆರಿಕದ ಜೊತೆಗಿನ ಅಣು ಒಪ್ಪಂದದ ಪ್ರಶ್ನೆಯಲ್ಲಿ ಎಡಪಕ್ಷಗಳು ಸರ್ಕಾರಕ್ಕೆ ಬೆಂಬಲ ಹಿಂತೆಗೆದುಕೊಂಡಾಗ, ಅವರ ಪಕ್ಷವಾದ ಸಿಪಿಐ(ಎಂ) ಪೀಠ ತೊರೆಯುವಂತೆ ಬಯಸಿತು. ಅವರು ತೊರೆಯಲಿಲ್ಲ, 2008ರ ಜುಲೈ 22ರ ವಿಶ್ವಾಸಮತದ ಕಲಾಪವನ್ನು ಸ್ಪೀಕರ್ ಆಗಿಯೇ ನಡೆಸಿದರು, ಮರುದಿನ ಪಕ್ಷ ಅವರನ್ನು ಉಚ್ಚಾಟಿಸಿತು. ಅಣು ಒಪ್ಪಂದವನ್ನು ಅವರು ಬೆಂಬಲಿಸಿದರು ಎಂದು ಇದರಿಂದ ಹೇಳಲಾಗದು. ಸ್ಪೀಕರ್ ಪೀಠವನ್ನು ಪಕ್ಷದ ಆಜ್ಞೆಯಿಂದ ಹೊರಗಿಟ್ಟರು ಎಂದು ಮಾತ್ರ ಹೇಳಬಹುದು, ಮತ್ತು ನನ್ನ ದೃಷ್ಟಿಯಲ್ಲಿ ಅದು ಸಣ್ಣ ನಿಲುವಲ್ಲ.

ಗುಪ್ತ ಅವರ ಸ್ವಂತ ಚಿಂತನೆ ಅತ್ಯಂತ ಸ್ಪಷ್ಟವಾಗಿ ದಾಖಲೆಯಲ್ಲಿ ಕಂಡದ್ದು ಸದನದ ಹೊರಗೆ, ಒಂದು ಸಮಿತಿಯ ವರದಿಯಲ್ಲಿ. ಚುನಾವಣೆಗೆ ಸರ್ಕಾರವೇ ಹಣ ಒದಗಿಸಬೇಕೆ ಎಂಬುದನ್ನು ಪರಿಶೀಲಿಸಲು 1998ರಲ್ಲಿ ಅವರ ಅಧ್ಯಕ್ಷತೆಯಲ್ಲಿ ರಚನೆಯಾದ ಸಮಿತಿಯಲ್ಲಿ ಮನಮೋಹನ್ ಸಿಂಗ್, ಸೋಮನಾಥ ಚಟರ್ಜಿ ಮೊದಲಾದ ಬೇರೆ ಬೇರೆ ಪಕ್ಷಗಳ ಸದಸ್ಯರಿದ್ದರು. 1999ರ ಜನವರಿಯ ವರದಿ, ಸರ್ಕಾರದ ನೆರವು ಸಂವಿಧಾನದ ದೃಷ್ಟಿಯಿಂದಲೂ ಸಾರ್ವಜನಿಕ ಹಿತದ ದೃಷ್ಟಿಯಿಂದಲೂ ಸಮರ್ಥನೀಯವೆಂದು ಹೇಳಿತು. ಆದರೆ ಮಾನ್ಯತೆ ಪಡೆದ ರಾಷ್ಟ್ರೀಯ ಮತ್ತು ರಾಜ್ಯ ಪಕ್ಷಗಳಿಗೆ ಮಾತ್ರ, ಅದೂ ನಗದಿನ ಬದಲು ಸೌಲಭ್ಯ ಮತ್ತು ಸಾಮಗ್ರಿಗಳ ರೂಪದಲ್ಲಿ, ಪಕ್ಷಗಳು ಲೆಕ್ಕ ಒಪ್ಪಿಸಬೇಕೆಂಬ ನಿರೀಕ್ಷೆಯೊಂದಿಗೆ. ಪಕ್ಷೇತರರನ್ನು ಹೊರಗಿಟ್ಟ ಶಿಫಾರಸು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ. ಆದರೆ ದೇಶದ ಚುನಾವಣೆಯಲ್ಲಿ ಹಣದ ಪಾತ್ರ ಏನಿರಬೇಕು ಎಂಬ ಪ್ರಶ್ನೆಗೆ ಅವರು ನಿಧಾನವಾಗಿ ಯೋಚಿಸಿ, ಇತರರನ್ನೂ ಒಪ್ಪಿಸಿ, ಸಹಿ ಹಾಕಿ ಕೊಟ್ಟ ಉತ್ತರ ಅಲ್ಲಿದೆ. ಮೊದಲ ಕರಡಿನಲ್ಲಿ ಅದಕ್ಕೆ ಒಂದು ಸಾಲು ಮೀಸಲಾಗಿತ್ತು. ಪ್ರಕಟವಾದ ಪರಿಚಯದಲ್ಲಿ ಮೂರು ಪರಿಚ್ಛೇದಗಳಾದವು. ಅದಕ್ಕೆ ಜಾಗ ಮಾಡಲು, ಅವರು ಗೃಹ ಸಚಿವರಾದ ಮೇಲೂ ದೆಹಲಿಯ ವೆಸ್ಟರ್ನ್ ಕೋರ್ಟ್‌ನ ಪುಟ್ಟ ವಸತಿಯಲ್ಲೇ ಇದ್ದರೆಂಬ ಎಲ್ಲರಿಗೂ ಪ್ರಿಯವಾದ ಸಂಗತಿಯನ್ನು ಒಂದು ವಾಕ್ಯಕ್ಕೆ ಇಳಿಸಿದೆ.

ಪರಿಚಯ ಅಚ್ಚಿಗೆ ಹೋಗುವ ಮೊದಲು ಕಿರಿಯ ಸಹೋದ್ಯೋಗಿಯೂ ನಾನೂ ಅದರಲ್ಲಿ ಉಲ್ಲೇಖವಾಗಿದ್ದ ಪ್ರತಿಯೊಂದು ಮತಪಟ್ಟಿಯನ್ನು ಮತ್ತೆ ತೆರೆದು ಕುಳಿತೆವು. ಅವರು ಹೆಸರುಗಳನ್ನು ಓದುತ್ತ ಹೋದರು, ನಾನು ಗುರುತು ಹಾಕುತ್ತ ಹೋದೆ. ಕೊನೆಯ ಪುಟ ಮುಗಿಸಿ ಸಂಪುಟವನ್ನು ಮುಚ್ಚಲು ಹೊರಟವರು ತಾವಾಗಿಯೇ ನಿಂತು, ಕೆಳಗಿನ ಸಣ್ಣಕ್ಷರದ ಸಾಲನ್ನೂ ಗಟ್ಟಿಯಾಗಿ ಓದಿದರು.